ಬೆಂಕಿ ಮೇಸ್ತ್ರಿಯ ಮೂಗು

ಬೆಂಕಿ ಮೇಸ್ತ್ರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಆರು ವರ್ಷದಿಂದ ತಿಳಿಯುತ್ತಿರಲಿಲ್ಲ. ಅದು ಹೆಂಡತಿಯನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಈಗ ಆಕೆ ಅವನ ಬಲಗೈಯನ್ನು ಅಂಗಿಯ ತೋಳಿಗೆ ತೂರಿಸಲು ನೋಡುತ್ತಿದ್ದಳು. ಬೆರಳ ತುದಿಯಿಂದ ಹೆಗಲಿನವರೆಗೆ ಆಸ್ಪತ್ರೆಯವರು ಸುತ್ತಿದ ಬಟ್ಟೆ ದಪ್ಪಗಿತ್ತು. ಅಂಗಿಯ ತೋಳು ಮೊಣಕೈಗೆ ಬಂದು ನಿಂತಿತು.

"ಎಳೀಬೇಡಿ ಅಕ್ಕ, ಬಟ್ಟೆ ಬಿಚ್ಚಿಕೊಳ್ಳುತ್ತೆ," ಎಂದಳು ಪಕ್ಕದ ಮನೆಯ ಟೈಲರಮ್ಮ. ಕತ್ತರಿ ತಂದು ಅಂಗಿಯ ಬೆನ್ನನ್ನು ಕಾಲರಿನಿಂದ ಕೆಳಗಿನವರೆಗೆ ಒಂದೇ ಸಲಕ್ಕೆ ಸೀಳಿದಳು. ತೋಳಿನ ಹೊಲಿಗೆಯನ್ನೂ ಬಿಚ್ಚಿದಳು. "ಮುಂದಿನಿಂದ ಹೊದಿಸಿ ಎರಡೂ ಬದಿ ಅಡಿಗೆ ಸಿಕ್ಕಿಸೋಣ. ಮಲಗಿದವರ ಬೆನ್ನು ಯಾರು ನೋಡ್ತಾರೆ?"

ಮೇಸ್ತ್ರಿಯ ಹೆಂಡತಿ ಕರ್ಚೀಫಿನಿಂದ ಮೂಗು ಒರೆಸಿಕೊಂಡಳು. ಬೆಳಗಿನಿಂದ ಒರೆಸಿಕೊಳ್ಳುತ್ತಲೇ ಇದ್ದಳು. ಬಂದವರು ಅದನ್ನು ಅಳು ಎಂದುಕೊಂಡಿದ್ದರು.

ಹೊರಗೆ ಬಾಡಿಗೆ ಕುರ್ಚಿಗಳ ಮೇಲೆ ಗಂಡಸರು ಕೂತಿದ್ದರು. ಕಿಟಕಿ ತೆರೆದೇ ಇತ್ತು. ಸತ್ತವನ ಮನೆಯಲ್ಲಿ ದನಿ ತಗ್ಗಿಸುತ್ತಾರೆ, ಮಾತು ತಗ್ಗಿಸುವುದಿಲ್ಲ.

"ಮೂವತ್ತು ವರ್ಷ ಕಟ್ಟಿಗೆ ರಾಶಿ ಸುಟ್ಟವನು ಕಣಯ್ಯ," ಎನ್ನುತ್ತಿದ್ದ ಲಾರಿ ಡ್ರೈವರ್. "ಪೆಟ್ರೋಲ್ ಕ್ಯಾನಿನ ಮುಚ್ಚಳ ತೆಗೆದ್ರೆ ಬೀದಿ ಆ ತುದೀಲಿರೋನ ಮೂಗಿಗೆ ಹೊಡೆಯುತ್ತೆ. ಇವನು ಅದನ್ನ ಡೀಸೆಲ್ ಅಂತ ಸುರಿದ್ನಂತೆ!"

"ಒಂದಿಷ್ಟು ತಗೊಂಡಿದ್ನೇನೋ."

"ಬೆಳಿಗ್ಗೆ ಎಂಟು ಗಂಟೆಗಾ?"

"ತಗೊಳ್ಳೋರಿಗೆ ಗಡಿಯಾರ ಇರುತ್ತಾ?"

ಮಗ ಆ ಮಾತು ಕೇಳಿಸಿಕೊಂಡೇ ಒಳಗೆ ಬಂದ. ಬೇರೆ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಸುದ್ದಿ ತಿಳಿದು ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದ. ಅಪ್ಪನ ಪಾದದ ಹತ್ತಿರ ನಿಂತು ಅಮ್ಮನಿಗೆ ಹೇಳಿದ:

"ಮಣ್ಣು ಮುಗಿದ ಮೇಲೆ ಸ್ಟೇಷನ್ನಿಗೆ ಹೋಗ್ತೀನಿ. ಮಾವನ ಹೆಸರು ಕೊಡ್ತೀನಿ. ನೀನು ಅಡ್ಡ ಬರಬೇಡ."

ಮಾವ ಎಂದರೆ ಆಕೆಯ ಒಡಹುಟ್ಟಿದ ತಮ್ಮ. ಮೇಸ್ತ್ರಿಯ ಜೊತೆಯಲ್ಲೇ ಮೋಟಾರು ಗರಗಸ ಹಿಡಿದು ದುಡಿಯುವವನು. ಅವನು ಕಡಿಯುತ್ತಿದ್ದ, ಭಾವ ಸುಡುತ್ತಿದ್ದ. ಹಿಂದಿನ ಸಂಜೆ ಗರಗಸದ ಪೆಟ್ರೋಲ್ ಕ್ಯಾನು ಸೋರುತ್ತಿದೆ ಎಂದು, ಖಾಲಿಯಾಗಿದ್ದ ಡೀಸೆಲ್ ಕ್ಯಾನಿಗೆ ಅದನ್ನು ಸುರಿದು, ಅಕ್ಕನ ಮನೆಯ ಜಗಲಿಯಲ್ಲಿ, ಮರುದಿನದ ಡೀಸೆಲ್ ತಂದಿಡುವ ಜಾಗದಲ್ಲೇ ಇಟ್ಟು ಹೋಗಿದ್ದ. ಬೆಳಿಗ್ಗೆ ಭಾವ ಹೊರಡುವ ಮೊದಲೇ ಬಂದು ಹೇಳಿದರಾಯಿತು ಎಂದುಕೊಂಡು ನಿದ್ದೆ ಹೋದ. ಎದ್ದಾಗ ಎಂಟು ದಾಟಿತ್ತು. ಆಸ್ಪತ್ರೆಗೆ ಬಂದ ಪೊಲೀಸಿನವನು ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದ. ಮಗ ಅದನ್ನು ಬದಲಾಯಿಸಬೇಕೆಂದು ಕೂತಿದ್ದ.

ತಮ್ಮ ಬೆಳಗಿನಿಂದ ಗೇಟಿನ ಹೊರಗೆ ಚರಂಡಿಯ ಚಪ್ಪಡಿ ಮೇಲೆ ಕೂತಿದ್ದ. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಆಕೆಯೂ ಕರೆದಿರಲಿಲ್ಲ.

*

ಮರ ಕಡಿಯುವವರು ಕೂಗಿದರೆ ಹತ್ತು ಜನ ಬರುತ್ತಾರೆ. ಕಡಿದದ್ದನ್ನು ಸುಡುವವರು ಕಡಿಮೆ. ಹಸಿ ಕಟ್ಟಿಗೆಯ ರಾಶಿಗೆ ಹಾಗೇ ಬೆಂಕಿ ಇಟ್ಟರೆ ಎಲೆ ಚಟಪಟ ಎಂದು ಉರಿದು, ಕೊಂಬೆಯ ತುದಿಯಲ್ಲಿ ನೊರೆ ಬಂದು, ಊರಿಗೆಲ್ಲ ಹೊಗೆ ಹಂಚಿ ಆರಿಹೋಗುತ್ತದೆ. ಮೇಸ್ತ್ರಿ ಬೇರಿನ ಮಣ್ಣು ಕೊಡವಿ, ಕೊಂಬೆಗಳನ್ನು ಒಂದೇ ದಿಕ್ಕಿಗೆ ಒತ್ತೊತ್ತಾಗಿ ಪೇರಿಸಿ, ಗಾಳಿಯ ಕಡೆಗೊಂದು ಬಾಯಿ ಬಿಡುತ್ತಿದ್ದ. ಅದರೊಳಗೆ ಒಣ ಪುಳ್ಳೆ ತುಂಬಿ ಹಚ್ಚಿ, ಅದು ಕೆಂಡವಾಗುವ ತನಕ ಮೇಲಿನದ್ದನ್ನು ಮುಟ್ಟುತ್ತಿರಲಿಲ್ಲ. "ಹಸಿ ಕಟ್ಟಿಗೆನೂ ಹೊಸ ಅಳಿಯನೂ ಒಂದೇ. ತಾನಾಗಿ ಬಿಸಿಯಾಗೋವರೆಗೂ ಕಾಯಬೇಕು, ಊದಿದ್ರೆ ನಮ್ಮ ಕಣ್ಣೇ ಉರಿಯೋದು," ಎನ್ನುತ್ತಿದ್ದ.

ಆರು ವರ್ಷದ ಹಿಂದೆ ಒಂದು ಜ್ವರ ಬಂತು. ಹತ್ತು ದಿನಕ್ಕೆ ಇಳಿಯಿತು. ಹನ್ನೊಂದನೇ ದಿನ ಆಕೆ ಬಟ್ಟೆ ಒಣಗಿಸಿ ಒಳಗೆ ಬಂದರೆ ಮನೆ ತುಂಬ ಸೀದ ಹಾಲಿನ ವಾಸನೆ. ಪಾತ್ರೆಯ ತಳ ಕರಿಹಿಡಿದಿತ್ತು. ಒಲೆಯಿಂದ ಎರಡು ಮಾರು ದೂರದಲ್ಲಿ ಮೇಸ್ತ್ರಿ ಬೆನ್ನು ಹಾಕಿ ಕೂತು ಮಚ್ಚು ಮಸೆಯುತ್ತಿದ್ದ.

"ಮೂಗು ಎಲ್ಲಿಟ್ಟಿದ್ದೀರಿ?" ಎಂದು ರೇಗಿದಳು.

ಅವನು ತಿರುಗಿ ಪಾತ್ರೆ ನೋಡಿದ, ಆಕೆಯ ಮುಖ ನೋಡಿದ. ಎದ್ದು ಹೋಗಿ ಸೀಮೆಎಣ್ಣೆ ಬಾಟಲಿ ಮೂಸಿದ. ಸೋಪು ಮೂಸಿದ. ಈರುಳ್ಳಿಯೊಂದನ್ನು ಒಡೆದು ಮೂಗಿಗೆ ಹಿಡಿದ. ಕಣ್ಣಲ್ಲಿ ನೀರು ಬಂತು, ಅಷ್ಟೇ.

"ಯಾರಿಗೂ ಹೇಳಬೇಡ," ಎಂದ. "ಕೆಲವು ಮರದ ಹೊಗೆ ವಿಷ, ವಾಸನೇಲೇ ಗುರುತು ಹಿಡೀಬೇಕು. ಮೂಗಿಲ್ಲದವನ್ನ ರಾಶಿ ಹತ್ತಿರ ಯಾರು ಬಿಟ್ಕೊಳ್ತಾರೆ? ಮಗನಿಗೂ ಬೇಡ. ನಿನ್ನ ತಮ್ಮನಿಗಂತೂ ಬೇಡ, ಅವನ ಬಾಯಿ ಊರ ಬಾವಿ."

ಅಂದಿನಿಂದ ಆಕೆ ಅವನ ಮೂಗಾದಳು. ಹಾಲು ಕೆಟ್ಟಿದೆಯೇ, ಅಂಗಿ ಇನ್ನೊಂದು ದಿನಕ್ಕೆ ಬರುತ್ತದೆಯೇ ಎಂದು ಕೇಳುತ್ತಿದ್ದ. ಸಂಶಯದ ಮರವಿದ್ದರೆ ಕೊಂಬೆಯ ಚೂರೊಂದನ್ನು ಜೇಬಿನಲ್ಲಿಟ್ಟು ತಂದು, ಕದ್ದ ಮಾಲು ತೋರಿಸುವವನ ಹಾಗೆ ಬಾಗಿಲ ಮರೆಯಲ್ಲಿ ತೋರಿಸುತ್ತಿದ್ದ. ಮದುವೆಯಾದಾಗಿನಿಂದ ಅವನು ಆಕೆಯನ್ನು ಅಷ್ಟು ಕೇಳಿದ್ದೇ ಇಲ್ಲ. ಆಕೆಗೆ ಅದು ಇಷ್ಟವಾಗಿತ್ತು.

*

ಮಣ್ಣು ಮಾಡುವ ಜಾಗ ಮನೆಯಿಂದ ಅರ್ಧ ಮೈಲಿ. ಎತ್ತುವಾಗ ಒಂದು ಮೂಲೆಗೆ ಕೈ ಸಾಲದೆ ಹೋಯಿತು. ತಮ್ಮ ಗೇಟಿನ ಹತ್ತಿರದಿಂದ ಮುಂದೆ ಬಂದ. ಮಗ ಅವನನ್ನು ನೋಡಿದ ರೀತಿಗೆ ನಿಂತಲ್ಲೇ ನಿಂತ. ಲಾರಿ ಡ್ರೈವರ್ ಹೆಗಲು ಕೊಟ್ಟ.

ಗುಂಡಿಯ ಬಳಿ ಗುತ್ತಿಗೆದಾರನೂ ಇದ್ದ. ಪಾಲಿಶ್ ಹಾಕಿದ ಶೂ ಕೊಳೆಯಾಗದ ಹಾಗೆ ಕಲ್ಲಿನ ಮೇಲೆ ನಿಂತಿದ್ದ. ಬಡಾವಣೆ ಮಾಡಲು ಜಾಗ ತೆರವು ಮಾಡಿಸುತ್ತಿದ್ದವನು ಅವನೇ. ಬುಲ್ಡೋಜರಿನಿಂದ ಮರಗಳನ್ನು ಮಣ್ಣುಸಮೇತ ನೂಕಿ ಗುಡ್ಡೆ ಹಾಕಿಸಿ, ಸಂಜೆಯೊಳಗೆ ಬೂದಿ ಕಾಣಬೇಕು ಎನ್ನುವವನು. ಕಾಯುವ ಕಸುಬಿನ ಮೇಸ್ತ್ರಿಯ ಕೈಗೆ ಡೀಸೆಲ್ ಕ್ಯಾನು ಬಂದದ್ದು ಇಂಥವರಿಂದಲೇ.

"ಆ ರಾಶಿ ಉರಿಯಲೇ ಇಲ್ಲ ನೋಡಿ," ಎಂದ ಗುತ್ತಿಗೆದಾರ ಪಕ್ಕದವನಿಗೆ, ದುಃಖದ ದನಿಯಲ್ಲೇ. "ಬರೀ ಎಲೆ ಹೋಗಿದೆ. ಕಟ್ಟಿಗೆ ಹಸಿ ಹಸಿ ಹಾಗೇ ಇದೆ. ಇನ್ನೊಬ್ಬರನ್ನ ಹುಡುಕಬೇಕು."

ಮಗ ಸಲಿಕೆ ಹಿಡಿದು ಮಣ್ಣು ಎಳೆಯುತ್ತಿದ್ದ. ಬೇರೆಯವರು ಕೈ ಚಾಚಿದರೂ ಕೊಡಲಿಲ್ಲ. ದೂರದಲ್ಲಿ, ಗೋಡೆಯಾಚೆ, ತಮ್ಮನ ತಲೆ ಮಾತ್ರ ಕಾಣುತ್ತಿತ್ತು. ಆಕೆ ಮಣ್ಣು ನೋಡುವ ಬದಲು ಆ ತಲೆಯನ್ನೇ ನೋಡಿದಳು. ಈಗ ತಾನು ಬಾಯಿ ಬಿಡದಿದ್ದರೆ ನಾಳೆ ಅವನು ಕಂಬಿ ಎಣಿಸುತ್ತಾನೆ. ಬಿಟ್ಟರೆ, ಸಲಿಕೆ ಹಿಡಿದವನು ಏನಾಗುತ್ತಾನೋ.

*

ನಾಲ್ಕು ದಿನದ ಹಿಂದಿನ ಆ ಬೆಳಿಗ್ಗೆ ಆಕೆ ನಲ್ಲಿಯ ಮುಂದೆ ಕೂತಿದ್ದಳು. ನೀರು ನಿಲ್ಲುವ ಮೊದಲು ಮೂರು ಕೊಡ ತುಂಬಬೇಕಿತ್ತು. ಎರಡು ದಿನದಿಂದ ನೆಗಡಿ. ತಲೆ ಕಲ್ಲಿನಷ್ಟು ಭಾರ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದಳು.

ಮೇಸ್ತ್ರಿ ಎಂದಿನಂತೆ ಕ್ಯಾನಿನ ಮುಚ್ಚಳ ತಿರುಗಿಸಿ ಆಕೆಯ ಮುಖಕ್ಕೆ ಹಿಡಿದ.

"ನೋಡೇ."

ದಿನವೂ ನೋಡುತ್ತಿದ್ದಳು. ಆರು ವರ್ಷದಲ್ಲಿ ಅದು ಒಮ್ಮೆಯೂ ಡೀಸೆಲ್ ಅಲ್ಲದೆ ಬೇರೇನೂ ಆಗಿರಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು. ಬಗ್ಗಿದಳು, ಮೂಸಿದಂತೆ ಮಾಡಿದಳು.

"ಡೀಸೆಲ್ಲೇ. ಹೋಗಿ ಬನ್ನಿ."

ನನಗೆ ಮೂಗು ಕಟ್ಟಿದೆ ಎಂದಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಅವನು ಮುಚ್ಚಳ ಬಿಗಿದು, ಆ ಮಾತನ್ನು ನಂಬಿ ಹೋದ. ರಾಶಿಯ ಬಾಯಿಗೆ ಸುರಿದು, ದೂರ ನಿಂತು, ಚೆನ್ನಾಗಿ ಹೀರಲಿ ಎಂದು ಎಂದಿನಂತೆ ಹತ್ತು ನಿಮಿಷ ಕಾದ. ಡೀಸೆಲ್ಲಿಗೆ ಕಾಯುವುದೇ ಸರಿ. ಪೆಟ್ರೋಲು ಹಾಗಲ್ಲ, ಕಾದಷ್ಟೂ ಅದರ ಆವಿ ರಾಶಿಯ ಹೊಟ್ಟೆಯೆಲ್ಲ ತುಂಬಿಕೊಳ್ಳುತ್ತದೆ. ಅವಸರದ ಕಸುಬುಗೇಡಿಯಾಗಿದ್ದರೆ ಹುಬ್ಬು ಸುಟ್ಟುಕೊಂಡು ಬದುಕುತ್ತಿದ್ದ. ಮೇಸ್ತ್ರಿ ಕಾದು, ಬಗ್ಗಿ, ಕಡ್ಡಿ ಗೀರಿದ.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರಾಗಿ ಹೋದರು. ಮಗ ಅಂಗಿ ಬದಲಾಯಿಸಿ ಹೊರಟ. ಗೇಟಿನಲ್ಲಿ ಮಾವ ಎದುರಾದ.

"ನಡಿ ಮಗಾ, ನಾನೂ ಬರ್ತೀನಿ," ಎಂದ ಅವನು. ನಾಲ್ಕು ದಿನದ ಗಡ್ಡ, ಕಣ್ಣು ಒಳಗೆ ಹೋಗಿದ್ದವು. "ನಾನೇ ಹೇಳ್ತೀನಿ. ಒಂದು ಮಾತ್ರ ಅರ್ಥವಾಗ್ತಿಲ್ಲ. ಭಾವನಿಗೆ ವಾಸನೆ ಯಾಕೆ ಬರಲಿಲ್ಲ?"

ಮಗ ಅವನ ಕತ್ತಿನ ಪಟ್ಟಿ ಹಿಡಿದ. "ಕೊಂದಿದ್ದೂ ಅಲ್ಲದೆ ಅಪ್ಪಂದೇ ತಪ್ಪು ಅಂತೀಯಾ?"

"ಬಿಡು ಅವನನ್ನ," ಎಂದಳು ಆಕೆ ಹೊಸಿಲಲ್ಲಿ ನಿಂತು. "ಕ್ಯಾನು ಮೂಸಿ ಕಳಿಸಿದವಳು ನಾನು."

ಇಬ್ಬರೂ ತಿರುಗಿದರು. ಆಕೆ ಹೇಳಿದಳು. ಜ್ವರ, ಹಾಲು, ದಿನಾ ಬೆಳಿಗ್ಗೆಯ ಕ್ಯಾನು, ನೆಗಡಿ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು.

ಮಗ ನಕ್ಕ. ಕೆಟ್ಟ ನಗು. "ತಮ್ಮನ್ನ ಉಳಿಸಿಕೊಳ್ಳೋಕೆ ಸತ್ತವರ ಮೂಗು ಕೊಯ್ತಿದ್ದೀಯಾ ಅಮ್ಮ? ಅಪ್ಪನಿಗೆ ಮೂಗಿರಲಿಲ್ವಂತೆ!"

"ಆ ಜ್ವರ ಆದ ಮೇಲೆ, ನೀನು ಕೆಲಸಕ್ಕೆ ಸೇರೋ ಮುಂಚೆ ಎರಡು ವರ್ಷ ಸಿಗರೇಟು ಸೇದ್ತಿದ್ದೆ. ಸೇದಿ ಬಂದು ಅವರ ಪಕ್ಕದಲ್ಲೇ ಊಟಕ್ಕೆ ಕೂರ್ತಿದ್ದೆ. ನನಗೆ ಬಾಗಿಲಲ್ಲೇ ಹೊಡೆಯೋದು. ಒಂದು ದಿನ ಕೇಳಿದ್ರಾ ಅವರು?"

ಮಗನ ಕೈ ಪಟ್ಟಿಯಿಂದ ಜಾರಿತು.

"ಅವರಿಗೆ ಗೊತ್ತಿತ್ತು," ಎಂದ. "ಗೊತ್ತಿದ್ದೂ ಸುಮ್ಮನಿದ್ರು. ಬೆಳೆದ ಮಗ, ಮರ್ಯಾದೆ ಕಳೀಬಾರದು ಅಂತ. ಒಂದು ಮಾತು ಬೈಲಿಲ್ಲ. ಅವರು ಬೈಲಿಲ್ಲ ಅಂತಾನೇ ನಾನು ಬಿಟ್ಟೆ."

ಆಕೆ ಹೊಸಿಲು ಇಳಿದು ಬಂದಳು.

"ಗೊತ್ತಿತ್ತು ಅನ್ನಮ್ಮ."

"ಗೊತ್ತಿರಲಿಲ್ಲ ಮಗಾ."

ಮಗ ಆಕೆಯನ್ನು ಬಳಸಿಕೊಂಡು ನಡೆದ. ಒಳಗೆ ಹೋಗಿ ಚೀಲ ತಂದ. ಸ್ಟೇಷನ್ನು ಎಡಕ್ಕೆ, ಬಸ್ ನಿಲ್ದಾಣ ಬಲಕ್ಕೆ. ಅವನು ಬಲಕ್ಕೆ ತಿರುಗಿದ. ಬರ್ತೀನಿ ಎನ್ನಲಿಲ್ಲ.

ತಮ್ಮ ಗೇಟು ಹಿಡಿದು ನಿಂತೇ ಇದ್ದ. ಆಕೆ ಅವನಿಗೆ, "ಒಳಗೆ ಬಾ, ಏನಾದರೂ ತಿನ್ನು," ಎಂದಳು.

"ನಾಲ್ಕು ದಿನ ಅಕ್ಕ," ಎಂದ ಅವನು. "ನಿನ್ನೆ ಹಗ್ಗ ತಗೊಂಡು ಶೆಡ್ಡಿಗೆ ಹೋಗಿದ್ದೆ. ನನ್ನ ಹೆಂಡತಿ ನೋಡಿ ಕಿತ್ಕೊಂಡ್ಳು. ನಾಲ್ಕು ದಿನ ನೀನು ಎಲ್ಲಾ ಗೊತ್ತಿದ್ದೂ ನನ್ನ ನೋಡ್ತಾ ಇದ್ದೆ."

"ಕ್ಯಾನಿಗೆ ಸುರಿದವನು ನೀನೇ ಅಲ್ವಾ," ಎಂದಳು. ಬೇರೆ ಏನೋ ಹೇಳಬೇಕೆಂದಿದ್ದಳು, ಬಂದದ್ದು ಅದು.

"ಹೌದು, ನಾನೇ. ನಾನು ಇಲ್ಲ ಅಂದ್ನಾ?"

ಗೇಟಿನ ಚಿಲಕವನ್ನು ಸದ್ದಾಗದ ಹಾಗೆ ಹಾಕಿ, ಅವನೂ ಹೋದ.

ಕುರ್ಚಿಯವನು ಬಂದು ಅಂಗಳದ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸತೊಡಗಿದ. ಕೊನೆಯ ಒಂದರ ಮೇಲೆ ಆಕೆ ಕೂತಿದ್ದಳು. ಏಳಲಿ ಎಂದು ಅವನು ಸ್ವಲ್ಪ ಕಾದ. ಎದ್ದಳು. ಅವನು ಅದನ್ನೂ ಪೇರಿಸಿ ಗಾಡಿಗೆ ಹಾಕಿಕೊಂಡ.

ಅಂದು ಆ ಮನೆಯಿಂದ ಮೂವರು ಹೋದರು. ಒಬ್ಬನನ್ನು ಹೊತ್ತುಕೊಂಡು ಹೋದರು. ಇಬ್ಬರು ನಡೆದುಕೊಂಡು ಹೋದರು.