ತಣ್ಣಗಿನ ನೆಲದ ಜಗಳ

ಎರಡು ಚಳಿಗಾಲಗಳಿಂದ ನಮ್ಮ ಅತ್ತೆಯದು ಒಂದೇ ರಾಗ: ನೆಲ ತಣ್ಣಗಿದೆ. ಜೊಂಗ್‌ಸೊನ್ ಬೆಟ್ಟದ ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯ ಒಲೆಯ ಬಿಸಿ ಕೋಣೆಯ ನೆಲದಡಿ ಹಾದುಹೋಗುತ್ತದೆ. ಒಲೆಗೆ ಹತ್ತಿರದ, ಹೆಚ್ಚು ಕಾಯುವ ಮೂಲೆ ಹಿರಿಯರದು. ಅಲ್ಲಿ ಸೊಸೆ ಕೂತರೆ ಊರು ನಗುತ್ತದೆ. ಅದು ತಣ್ಣಗಿದ್ದರೆ ಸೊಸೆಗೇ ಉಗಿಯುತ್ತದೆ.

"ಏನೇ, ಸೌದೆ ಎಲ್ಲಾ ತವರಿಗೆ ಸಾಗಿಸ್ತಿದ್ದೀಯಾ? ಕಾಲಡಿ ಮಂಜುಗಡ್ಡೆ ಇಟ್ಟ ಹಾಗಿದೆ!"

ನಾನು ಅಂಗೈ ಇಟ್ಟರೆ ಚುರ್ ಎನ್ನುತ್ತಿತ್ತು. ನೆಲಕ್ಕೆ ಅಂಟಿಸಿದ ಎಣ್ಣೆಕಾಗದ ಅಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು.

"ಸುಡ್ತಿದೆ ಅತ್ತೆ."

"ಎಪ್ಪತ್ತೆರಡು ವರ್ಷದ ಕಾಲು ಇದು. ಇದಕ್ಕೆ ಗೊತ್ತಾಗಲ್ವಾ?"

ಗಂಡ ಇನ್‌ಹೊನಿಗೆ ಹೇಳಿದರೆ, "ವಯಸ್ಸಾದವ್ರು ಕಣೇ, ಇನ್ನೆರಡು ಕೊರಡು ಹಾಕು, ಮುಗೀತು" ಎಂದು ಟಿವಿ ಕಡೆ ತಿರುಗುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡು ನಾನು ಹಲ್ಲು ಕಚ್ಚುತ್ತಿದ್ದೆ.

ಎಲ್ಲವೂ ಕಣ್ಣೆದುರೇ ಇತ್ತು. ಪಾದದ ಮೇಲೆ ಇರುವೆ ಹರಿಯುತ್ತಿದೆ ಎಂದು ದಿನಾ ಹಾಸಿಗೆ ಕೊಡವಿಸುತ್ತಿದ್ದರು. ಒಂದು ಇರುವೆಯೂ ಇರಲಿಲ್ಲ. ಅಂಗಳದಲ್ಲಿ ಚಪ್ಪಲಿ ಕಳಚಿಕೊಂಡರೂ ತಿಳಿಯದೆ ಬರಿಗಾಲಲ್ಲಿ ಹಿಮ ದಾಟಿ ಬರುತ್ತಿದ್ದರು. ನಡೆಯುವಾಗ ಪಾದವನ್ನೇ ನೋಡುತ್ತಿದ್ದರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಬೇರೆ, ಗುಳಿಗೆ ಮಾತ್ರ ಮನಸ್ಸು ಬಂದಾಗ. ನಾನು ಇದಕ್ಕೆಲ್ಲ ಇಟ್ಟ ಹೆಸರು ನಾಟಕ.

ವರ್ಷದ ಅತಿ ಚಿಕ್ಕ ಹಗಲಿನ ದಿನ ಕೆಂಪುಕಾಳಿನ ಗಂಜಿ ಕುಡಿಯಲು ಅಕ್ಕಪಕ್ಕದ ಅಜ್ಜಿಯರು ಬಂದಿದ್ದರು. ಅವರೆಲ್ಲರ ಮುಂದೆ ಅತ್ತೆ ಅಂದರು: "ನಮ್ಮ ಸೊಸೆ ನನ್ನನ್ನ ಚಳೀಲಿ ನೇತುಹಾಕಿ ಮೀನಿನ ಹಾಗೆ ಒಣಗಿಸ್ತಿದ್ದಾಳೆ ನೋಡ್ರೇ!"

ಅಜ್ಜಿಯರು ಬಿದ್ದು ಬಿದ್ದು ನಕ್ಕರು. ನನ್ನ ಮೈ ಉರಿದುಹೋಯಿತು. ಒಲೆಯ ಬಾಯಿ ತುಂಬ ಓಕ್ ಕೊರಡುಗಳನ್ನು ಎತ್ತೆತ್ತಿ ಎಸೆದೆ. ತಗೊಳ್ಳಿ, ಬೇಯಿರಿ!

ಸ್ವಲ್ಪ ಹೊತ್ತಿಗೆ ಅಜ್ಜಿಯರು ಒಬ್ಬೊಬ್ಬರಾಗಿ ಆಚೆ ಗೋಡೆಗೆ ಸರಿದರು. ಅತ್ತೆ ಮಾತ್ರ ಬಲಪಾದ ಊರಿ ಅಲ್ಲೇ ಕೂತಿದ್ದರು. ಎಲ್ಲರೂ ಹೋದ ಮೇಲೆ ಎದ್ದರೆ, ಬಲಗಾಲಿನ ಕಾಲುಚೀಲ ಅಂಗಾಲಿಗೇ ಅಂಟಿತ್ತು. ಬಿಡಿಸಿದೆ. ಮೊಟ್ಟೆಯಷ್ಟು ದಪ್ಪದ ಬೊಕ್ಕೆ ಎದ್ದು ಒಡೆದಿತ್ತು.

"ಏನೇ ಅದು?" ಎಂದು ಅತ್ತೆ ಕೇಳಿದರು, ಬೇರೆ ಯಾರದೋ ಕಾಲಿನ ವಿಷಯ ಕೇಳಿದ ಹಾಗೆ.

ಊರಿನ ಆರೋಗ್ಯ ಕೇಂದ್ರದ ನರ್ಸ್ ಗಾಯಕ್ಕೆ ಪಟ್ಟಿ ಕಟ್ಟಿ, ಅತ್ತೆಯ ಕಣ್ಣು ಮುಚ್ಚಿಸಿದಳು. "ಇನ್ನೊಂದು ಕಾಲಿಗೆ ದಾರ ತಾಗಿಸ್ತೀನಿ, ಗೊತ್ತಾದ್ರೆ ಹೇಳಿ ಅಜ್ಜಿ."

"ಮುಟ್ಟಿದೆ. ಹ್ಞೂಂ, ಮುಟ್ಟಿದೆ. ಇದೂ ಮುಟ್ಟಿದೆ."

ದಾರ ಗಾಳಿಯಲ್ಲೇ ಇತ್ತು. ನರ್ಸ್ ನನ್ನ ಕಡೆ ತಿರುಗಿದಳು. "ನರ ಹಾಳಾಗಿದೆ ಅಕ್ಕ. ಬಿಸಿಯಾಗ್ಲಿ ನೋವಾಗ್ಲಿ ಈ ಕಾಲುಗಳಿಗೆ ಗೊತ್ತಾಗಲ್ಲ. ಇರುವೆ ಹರಿದ ಹಾಗೆ ಅಂದಾಗ್ಲೇ ಕರ್ಕೊಂಡು ಬರ್ಬೇಕಿತ್ತು. ಗಾಯ ಕೊಳೆತ್ರೆ ಪಾದ ಉಳಿಯಲ್ಲ. ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ."

ಈಗ ಹೇಳುತ್ತೀಯಲ್ಲ ಎಂದು ಕಿರುಚಬೇಕೆನಿಸಿತು. ಅವಳ ಮೇಲೆ, ಇನ್‌ಹೊನ ಮೇಲೆ, ಆ ಮೊಂಡು ಮುದುಕಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆಯೇ ಸಿಟ್ಟು ಬಂತು.

ಟ್ಯಾಕ್ಸಿಯಲ್ಲಿ ಪಟ್ಟಿ ಸುತ್ತಿದ ಪಾದ ನನ್ನ ತೊಡೆಯ ಮೇಲಿತ್ತು.

"ಅಂದ್ರೆ, ನೆಲ ಬಿಸಿ ಇತ್ತಾ?"

"ಇತ್ತು ಅತ್ತೆ."

"ಎರಡು ಚಳಿಗಾಲಾನೂ?"

"ಒಂದು ದಿನಾನೂ ತಣ್ಣಗಿರ್ಲಿಲ್ಲ."

"ನೀನು ಹೇಳ್ತಾನೇ ಇದ್ದೆ" ಅಂದರು ಅತ್ತೆ. ಎರಡು ವರ್ಷ ನಾನು ಕಾದಿದ್ದ ಮಾತು ಅದು. ಈಗ ಅದನ್ನು ತಗೊಂಡು ಏನು ಮಾಡಲಿ?

"ಇವತ್ತು ಕೋಪಕ್ಕೆ ಒಲೆ ತುಂಬಿದೆ ಅತ್ತೆ. ಬೇಕಂತಾನೇ."

"ಗೊತ್ತು ಕಣೇ. ಕೊರಡು ಎಸೆದ ಸದ್ದು ಕೇಳಿಸ್ತು. ಇವತ್ತಾದ್ರೂ ಬೆಚ್ಚಗಾಗುತ್ತೆ ಅಂತ ಕಾಯ್ತಾ ಕೂತಿದ್ದೆ."