ಎಡಗಣ್ಣಿನ ಹಸಿರು

ಅಕ್ಕನಿಗೆ ಕೊಬ್ಬಿನ ಹುಚ್ಚು ಎಂದು ತಮ್ಮ ನಗುತ್ತಿದ್ದ. ನಗಲಿ ಬಿಡಿ, ಅವಳು ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ಜಪಿಸಿದ್ದು ಅವನಿಗಾಗಿಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳಿಗೆ, ಅದರ ಹೊಟ್ಟೆಯೊಳಗೆ ಜೀವಕೋಶಕ್ಕೊಂದು ಸಂದೇಶ. ಬೇರೆಯವರು ಪಳಗಿಸಿದ ವೈರಸ್ಸಿನ ಮೇಲೆ ವಂಶವಾಹಿಯನ್ನು ಹೇರಿ ಕಳಿಸುತ್ತಿದ್ದರು. ತಮ್ಮನಿಗೆ ಬೇಕಾದ ವಂಶವಾಹಿಯೋ ಮಾರುದ್ದ. ಆ ಗಾಡಿಯಲ್ಲಿ ಹಿಡಿಸದು. ಲಾರಿ ಓಡಿಸುತ್ತಿದ್ದ ತಮ್ಮ, ವಂಶವಾಹಿಯ ದೋಷದಿಂದ ಕಣ್ಣು ಕೆಟ್ಟು, ಸ್ಟೇರಿಂಗ್ ಬಿಟ್ಟಾಗಿತ್ತು. ಅವನ ನೋಟದ ಅಂಚೆಲ್ಲ ಕತ್ತಲಾಗಿ, ನಡುವೆ ಒಂದು ಕಿಂಡಿಯಷ್ಟೇ ಉಳಿದಿತ್ತು.

ಗುಳಿಗೆಗಳು ಮಾತ್ರ ಪ್ರತಿ ಸಲವೂ ಕೈ ಕೊಡುತ್ತಿದ್ದವು. ಇಲಿಯ ಕಣ್ಣಿನ ಹಿಂಪರದೆಯ, ಅಂದರೆ ರೆಟಿನಾದ, ತಳದಲ್ಲೇ ಠಿಕಾಣಿ ಹೂಡಿ, ಬೆಳಕು ಹಿಡಿಯುವ ಕೋಶಗಳ ಕಡೆ ತಲೆಯೇ ಹಾಕುತ್ತಿರಲಿಲ್ಲ. ತಮ್ಮನಲ್ಲಿ ಸಾಯುತ್ತಿದ್ದುದು ಆ ಕೋಶಗಳೇ. ಈ ಸಲ ಗುಳಿಗೆಯ ಹೊರಕವಚ ಬದಲಿಸಿದ್ದಳು. ಇದೂ ಕೆಟ್ಟರೆ ಕೆಲಸ ನಿಲ್ಲಿಸಿ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

ಅಂದು ಮಧ್ಯಾಹ್ನ ತಮ್ಮನೂ ಬಂದಿದ್ದ. ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಇಲಿಯ, ಮದ್ದು ಚುಚ್ಚಿದ ಬಲಗಣ್ಣಿನ ಸ್ಲೈಡ್ ಇಟ್ಟಳು. ಸಂದೇಶ ತಲುಪಿದ ಕೋಶ ಹಸಿರಾಗಿ ಹೊಳೆಯಬೇಕು. ಮಾನಿಟರಿನ ಪರದೆ ಕಪ್ಪಗಿತ್ತು. ಹೋಲಿಕೆಗೆಂದು ಮುಟ್ಟದೆ ಬಿಟ್ಟ ಎಡಗಣ್ಣನ್ನು ಇಟ್ಟರೆ, ಅದು ಹಸಿರಾಗಿ ಝಗಮಗಿಸುತ್ತಿದೆ!

ಸೂಜಿಯೇ ತಾಗದ ಕಣ್ಣು ಹೊಳೆದರೆ ಆ ಹೊಳಪನ್ನು ನಂಬುವವರು ಯಾರು? ಅವಳು ಎರಡೂ ಸ್ಲೈಡಿನ ಚೀಟಿಗಳನ್ನು ಮತ್ತೆ ಓದಿದಳು.

"ಏನಾಯ್ತಕ್ಕ?"

"ಎಲ್ಲಾ ಹಾಳಾಯ್ತು ಕಣೋ."

ಇಲಿಗಳಿಗೆ ಚುಚ್ಚುವ ಸಹೋದ್ಯೋಗಿಗೆ ಸೂಜಿಯಣ್ಣ ಎಂದೇ ಹೆಸರು. ಅವನನ್ನು ಕರೆಸಿ ತರಾಟೆಗೆ ತೆಗೆದುಕೊಂಡಳು.

"ಬಲಗಣ್ಣಿಗೇ ಚುಚ್ಚಿದ್ದು ಮೇಡಂ, ಇಗೋ, ಈ ಕೈ ಕಡೇದು," ಎಂದು ಅವನು ಬಲಗೈ ಎತ್ತಿದ.

"ಇಲಿ ಹಿಂದೆ ಕೂತಿದ್ರಾ, ಎದುರಿಗಾ?"

"ಯಾವಾಗ್ಲೂ ಹಿಂದೇನೇ. ಅವತ್ತು ಆ ಕಡೆ ದೀಪ ಕೆಟ್ಟಿತ್ತಲ್ಲ, ಅದಕ್ಕೆ ಎದುರಿಗೆ..." ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಎದುರಿಗೆ ಕೂತವನ ಬಲ, ಇಲಿಗೆ ಎಡ.

ಅಕ್ಕ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಾಗಿದಳು. ಎಡಗಣ್ಣಿನ ಗೋಡೆಯಲ್ಲಿ ಸೂಜಿಯ ಗಾಯವಿತ್ತು. ಬಲಗಣ್ಣಿನಲ್ಲಿ ಅದರ ಸುಳಿವೇ ಇಲ್ಲ. ಉಳಿದ ಇಲಿಗಳದ್ದೂ ಅದೇ ಕಥೆ.

ಆಗ ಅವಳು ಆ ಹಸಿರನ್ನು ನಿಜವಾಗಿ ನೋಡಿದಳು. ಹೊಳೆಯುತ್ತಿದ್ದುದು ತಳವಲ್ಲ, ಬೆಳಕು ಹಿಡಿಯುವ ಕೋಶಗಳೇ. ಎಳೆ ಪೈರಿನಂತೆ ಒತ್ತೊತ್ತಾಗಿ ಎದ್ದು ನಿಂತಿದ್ದವು. ಕಣ್ಣಿನ ಹಿಂಪರದೆಯೆಂದರೆ ಮಿದುಳೇ ಹೊರಗೆ ಚಾಚಿಕೊಂಡ ಭಾಗ. ಇಲ್ಲಿ ಬಾಗಿಲು ತೆರೆಯಿತೆಂದರೆ, ಇವತ್ತಲ್ಲ ನಾಳೆ ಒಳಮನೆಯೂ ತೆರೆದೀತು. ಒಂದು ತೊಟ್ಟು ಕೊಬ್ಬು ಅಷ್ಟು ಗೋಡೆಗಳನ್ನು ದಾಟಿ, ಹೇಳಿದ್ದನ್ನು ಹೇಳಿದ ಹಾಗೆ ತಲುಪಿಸಿ ಕರಗಿಹೋಗಿದೆಯಲ್ಲ! ಅದಕ್ಕೆ ಕೈ ಮುಗಿಯಬೇಕು ಅನ್ನಿಸಿತು ಅವಳಿಗೆ.

ತಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದ.

"ನನ್ನ ಕಣ್ಣಲ್ಲಿ ಸಾಯ್ತಿರೋದು ಇವೇನಾ ಅಕ್ಕ?"

"ಹೂಂ. ಆದ್ರೆ ಇದಿನ್ನೂ ಇಲಿ ಕಣೋ. ನಿನಗೆ ಸಿಗೋ ಹೊತ್ತಿಗೆ ತಡ ಆಗ್ಬಿಟ್ಟಿರಬಹುದು."

ಅವನು ತಲೆಯನ್ನು ಮೆಲ್ಲಗೆ ಸರಿಸುತ್ತ, ಆ ಕಿಂಡಿಯಿಂದಲೇ ಸಾಲಿನ ಈ ತುದಿಯಿಂದ ಆ ತುದಿಯವರೆಗೂ ನೋಡಿದ.

"ಇಷ್ಟು ಚೆಂದ ಇರ್ತಾವಾ ಇವು? ಹಾಳು ಕಣ್ಣು, ಹಾಳು ಕಣ್ಣು ಅಂತ ಎಷ್ಟು ಬೈದಿದ್ದೀನಿ," ಎಂದ. "ಆರಿಸ್ಬೇಡ ಅಕ್ಕ. ಇನ್ನೊಂಚೂರು ನೋಡ್ತೀನಿ."