ನನ್ನಿಂದ ಹೋದ ಇನ್ನೂರ ಹದಿಮೂರನೇ ಪುಟ

ನಾನು ಒಂದು ಇಂಗ್ಲಿಷ್-ಕನ್ನಡ ನಿಘಂಟು. ಹುಟ್ಟಿದ ದಿನವೇ ನಾನು ಕಂಡದ್ದು ಬ್ಲೇಡು. ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು ಬೆಚ್ಚಗೆ ಮಲಗಿದ್ದ ನನ್ನ ಅಂಚುಗಳನ್ನು ಒಂದು ಯಂತ್ರ 'ಕಚಕ್' ಎಂದು ಕತ್ತರಿಸಿತು. ಆ ಸದ್ದನ್ನು ಈಗಲೂ ಹಾಗೇ ಅನುಕರಿಸಬಲ್ಲೆ. ಆದರೆ ಅನುಕರಿಸಿದರೆ ನನಗೇ ನಡುಕ ಬರುತ್ತದೆ.

ಅಲ್ಲಿಂದ ಧಾರವಾಡದ ಒಂದು ವಾಚನಾಲಯಕ್ಕೆ ಬಂದೆ. ಅಲ್ಲಿ ಕೂರುವವರೆಲ್ಲ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು. ಮೊದಲ ವಾರವೇ ಪಕ್ಕದ ಸಾಮಾನ್ಯ ಜ್ಞಾನದ ಪುಸ್ತಕ ತನ್ನ ಗಾಯಗಳನ್ನು ತೋರಿಸಿತು. ಬೇಕಾದ ಪುಟ ಓದಿಕೊಳ್ಳುವುದು, ಆಮೇಲೆ ಇನ್ನೊಬ್ಬರಿಗೆ ಸಿಗದಂತೆ ಅದನ್ನು ಕೊಯ್ದುಕೊಂಡು ಹೋಗುವುದು ಅಲ್ಲಿಯ ರೂಢಿಯಂತೆ. ಸದ್ದು ಕೇಳಬಾರದೆಂದು ಕೊಯ್ಯುವಾಗ ಕೆಮ್ಮುತ್ತಾರಂತೆ. ಅಂದಿನಿಂದ ಯಾರ ಗಂಟಲು ಕೆರೆದರೂ ನನ್ನ ಹೊಲಿಗೆ ಬಿಗಿಯಾಗುತ್ತಿತ್ತು.

ನನ್ನನ್ನು ಹೆಚ್ಚಾಗಿ ಎತ್ತಿಕೊಳ್ಳುತ್ತಿದ್ದವರು ದಾಕ್ಷಾಯಣಿ ಮತ್ತು ಮುಮ್ತಾಜ, ಒಂದೇ ಬಾಡಿಗೆ ಖೋಲಿಯಲ್ಲಿದ್ದ ಗೆಳತಿಯರು. ಮುಂಜಾನೆ ದಾಕ್ಷಾಯಣಿ, ಮಧ್ಯಾಹ್ನ ಮುಮ್ತಾಜ. ಇಬ್ಬರೂ ಅರ್ಜಿ ಹಾಕಿದ್ದ ಕಚೇರಿಯಲ್ಲಿ ಇದ್ದದ್ದು ಒಂದೇ ಹುದ್ದೆ. ವಯಸ್ಸಿನ ಮಿತಿ ಮುಗಿಯುತ್ತಿದ್ದ ದಾಕ್ಷಾಯಣಿಗೆ ಅದು ಕೊನೆಯ ಪರೀಕ್ಷೆ.

ಒಂದು ಮುಂಜಾನೆ ಅವಳು 'ಕಾಂಪಿಟಿಟಿವ್' ಎಂಬ ವಿಶೇಷಣ ಹುಡುಕಿದಳು. ಅದರ ಮೇಲೆ ವಾಕ್ಯ ರಚನೆ ಬಂದೇ ಬರುತ್ತದೆ ಎಂದು ಕೋಚಿಂಗಿನ ಸರ್ ಹೇಳಿದ್ದರಂತೆ. ಸ್ಪರ್ಧಾತ್ಮಕ, ಪೈಪೋಟಿಯ, ಇತರರನ್ನು ಮೀರಿಸುವ ಹಟವುಳ್ಳ ಎಂದೆ. ಪರೀಕ್ಷೆಗೂ ಬೆಲೆಗೂ ಮನುಷ್ಯರಿಗೂ ಬಳಸಬಹುದು ಎಂದೆ. ಬರೆದುಕೊಂಡಳು. ಗಡಿಯಾರ ನೋಡಿದಳು. ಆಮೇಲೆ ಕೆಮ್ಮಿದಳು.

ಈ ಸಲ 'ಕಚಕ್' ಅಲ್ಲ, 'ಸುಯ್' ಎಂದಿತು.

ಮಧ್ಯಾಹ್ನ ಮುಮ್ತಾಜ ನನ್ನ ಗಾಯದ ಮೇಲೆ ಬೆರಳಾಡಿಸಿದಳು. ಸಂಜೆ ಗೆಳತಿ ಕರೆಯಲು ಬಂದಾಗ ನನ್ನನ್ನು ಬಿಚ್ಚಿ ತೋರಿಸಿದಳು.

"ದಾಕ್ಷಾ, ಇಲ್ಲಿ ಇಲಿ ಭಾಳ ಶಾಣ್ಯಾ ಆಗ್ಯಾವ. ಅಳತಿಪಟ್ಟಿ ಇಟ್ಟು ಕಡದಾವ ನೋಡು."

"ಇರಬೇಕು" ಎಂದಳು ದಾಕ್ಷಾಯಣಿ, ನೋಡದೆಯೇ. ಅವಳ ಕೈ ಮೇಜಿನ ಮೇಲೆ ಒದ್ದೆ ಗುರುತು ಬಿಟ್ಟಿತು. ಆಗಲೇ ನನಗೆ ತಿಳಿದದ್ದು, ಹೆದರಿದವನು ನಾನೊಬ್ಬನೇ ಅಲ್ಲವೆಂದು.

ಮೂರು ದಿನದ ಮೇಲೆ ಮುಮ್ತಾಜ ಎಲ್ಲಿಂದಲೋ ಆ ಹಾಳೆಯ ಎರಡೂ ಬದಿಗಳನ್ನು ಕೈಯಲ್ಲಿ ಬರೆದು ತಂದು, ಅಂಟು ಹಚ್ಚಿ ನನಗೆ ಕೂಡಿಸಿದಳು. ಮರುದಿನ ದಾಕ್ಷಾಯಣಿ ಅದನ್ನು ಕಂಡಳು. ಅವಳ ಕೈ ಚೀಲದೊಳಗೆ ಹೋಯಿತು. ಬ್ಲೇಡಿನ ತಣ್ಣನೆಯ ಅಂಚು ನನ್ನ ಹೊಲಿಗೆಗೆ ತಾಗಿತು. ಇನ್ನು ಕೆಮ್ಮುವುದೊಂದೇ ಬಾಕಿ.

ಕೆಮ್ಮು ಬರಲಿಲ್ಲ. ಅವಳು ಓದುತ್ತಿದ್ದಳು. ಆ ವಿಶೇಷಣದ ಕೆಳಗೆ ಮುಮ್ತಾಜ ತನ್ನದೇ ಒಂದು ಉದಾಹರಣೆ ಸೇರಿಸಿದ್ದಳು: 'ನನ್ನ ಗೆಳತಿ ದಾಕ್ಷಾಯಣಿ ಬಹಳ ಕಾಂಪಿಟಿಟಿವ್. ನಾಲ್ಕಕ್ಕೇ ಏಳುತ್ತಾಳೆ, ನನ್ನನ್ನೂ ಎಬ್ಬಿಸುತ್ತಾಳೆ.'

ಬ್ಲೇಡು ಚೀಲಕ್ಕೆ ಮರಳಿತು.

ಹುದ್ದೆ ಮುಮ್ತಾಜಳಿಗೆ ಸಿಕ್ಕಿತು. ಊರಿಗೆ ಹೊರಡುವ ದಿನ ದಾಕ್ಷಾಯಣಿ ಒಬ್ಬಳೇ ಬಂದು ನನ್ನನ್ನು ತೆರೆದು ಕೆಮ್ಮಿದಳು. ನನ್ನ ಜೀವ ಹಾರಿತು. ಆದರೆ ಅವಳು ತೆಗೆದದ್ದು ನನ್ನ ಹಳೆಯ ಹಾಳೆ. ಮಡಿಕೆ ಬಿಡಿಸಿ, ಕೈಬರಹದ ಹಾಳೆಯ ಪಕ್ಕ ಇಟ್ಟು ಹೋದಳು.

ಈಗ ನನ್ನ ಬೆನ್ನು ಕಳಚಿದೆ, ಇರುವುದು ಕೆಳಗಿನ ಕಪಾಟಿನಲ್ಲಿ. ಆ ಪದ ನನ್ನಲ್ಲಿ ಎರಡು ಸಲ ಇದೆ. ಬಂದವರೆಲ್ಲ ಕೈಬರಹದ್ದನ್ನೇ ಓದುತ್ತಾರೆ. ಯಾರಾದರೂ ಕೆಮ್ಮಿದರೆ ಇಂದಿಗೂ ಹೆದರುತ್ತೇನೆ. ಅಚ್ಚಿನ ಹಾಳೆ ಹೋದರೆ ಹೋಗಲಿ, ಅದೊಂದು ಉಳಿಯಲಿ ಎಂದುಕೊಳ್ಳುತ್ತೇನೆ.